ಮಕ್ಕಳಲ್ಲಿ ಮೂತ್ರಪಿಂಡ ಬಸಿಯುವ ಚಿಕಿತ್ಸೆಗಳು

ಮೂತ್ರಪಿಂಡದಲ್ಲಿ ತಯಾರಾದ ಮೂತ್ರ ಸಹಜ ದಾರಿಯಲ್ಲಿ ಹರಿಯಲಾಗದೆ ಕಟ್ಟಿಕೊಂಡಾಗ ಅದನ್ನು ಕೊಳವೆಯ ಮೂಲಕವೋ ಹೊಸದಾಗಿ ಮಾಡಿದ ದ್ವಾರದ ಮೂಲಕವೋ ಹೊರಬಿಡುವ ಚಿಕಿತ್ಸೆಗಳು ಇವು. ತೂರುನಳಿಕೆ (ಕ್ಯಾಥೆಟರ್), ನೆಫ್ರೋಸ್ಟಮಿ, ಡಬಲ್-ಜೆ ಸ್ಟೆಂಟ್, ವೆಸಿಕೋಸ್ಟಮಿ ಮತ್ತು ಯುರೆಟೆರೋಸ್ಟಮಿ ಇವುಗಳಲ್ಲಿ ಮುಖ್ಯವಾದವು. ಇವು ಸಾಮಾನ್ಯವಾಗಿ ತಾತ್ಕಾಲಿಕ ಕ್ರಮಗಳು. ಒತ್ತಡ ಇಳಿಸಿ, ಸೋಂಕು ತಡೆದು, ಮೂಲ ದೋಷವನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ಮಗು ಸಿದ್ಧವಾಗುವವರೆಗೆ ಮೂತ್ರಪಿಂಡವನ್ನು ಉಳಿಸಿಕೊಳ್ಳುವುದು ಇವುಗಳ ಗುರಿ.

ರಚನೆ ಮತ್ತು ಹಾನಿಯ ಬಗೆ: ಮೂತ್ರಪಿಂಡದೊಳಗಿನ ಪುಟ್ಟ ಬಟ್ಟಲುಗಳಲ್ಲಿ ಸೇರುವ ಮೂತ್ರ ಆಲಿಕೆಯಂಥ ಭಾಗಕ್ಕೆ ಇಳಿದು, ಮೂತ್ರನಾಳದ ಮೂಲಕ ಮೂತ್ರಕೋಶ ಸೇರಿ, ಅಲ್ಲಿಂದ ವಿಸರ್ಜನಾ ನಾಳದ ಮೂಲಕ ಹೊರಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಅದರ ಮೇಲಿನ ಭಾಗ ಉಬ್ಬುತ್ತದೆ. ಬಟ್ಟಲುಗಳೂ ಆಲಿಕೆಯೂ ಹಿಗ್ಗಿದ ಸ್ಥಿತಿಗೆ ಹೈಡ್ರೊನೆಫ್ರೋಸಿಸ್ ಎಂದು ಹೆಸರು. ಒಳಗಿನ ಒತ್ತಡ ಏರಿದಂತೆ ರಕ್ತಸಂಚಾರ ಕುಗ್ಗಿ, ಸೋಸುವ ಘಟಕಗಳಾದ ನೆಫ್ರಾನುಗಳು ನಶಿಸುತ್ತವೆ. ಹೊಸ ನೆಫ್ರಾನುಗಳು ಹುಟ್ಟುವುದು ಗರ್ಭಾವಸ್ಥೆಯ ಸುಮಾರು 36ನೆಯ ವಾರದವರೆಗೆ ಮಾತ್ರ. ಆಮೇಲೆ ಕಳೆದುಕೊಂಡದ್ದು ಮರಳಿ ಬರುವುದಿಲ್ಲ. ಇಡೀ ಬಾಳನ್ನು ಅದೇ ಬಂಡವಾಳದಲ್ಲಿ ಸಾಗಿಸಬೇಕಾದ ಮಗುವಿಗೆ ಸಕಾಲದ ಬಸಿಯುವಿಕೆ ಬಹಳ ಮುಖ್ಯವಾಗುವುದು ಈ ಕಾರಣದಿಂದ.

ಕಾರಣಗಳು: ಮಕ್ಕಳಲ್ಲಿ ತಡೆ ಹೆಚ್ಚಾಗಿ ಜನ್ಮಜಾತ. ಆಲಿಕೆ ಮತ್ತು ಮೂತ್ರನಾಳ ಕೂಡುವ ಸಂಧಿಯ ಕಿರಿದಾಗುವಿಕೆ (ಪಿಯುಜೆ ತಡೆ) ಸಾಮಾನ್ಯ. ಇದು ಗಂಡುಮಕ್ಕಳಲ್ಲಿ ಮತ್ತು ಎಡ ಮೂತ್ರಪಿಂಡದಲ್ಲಿ ಹೆಚ್ಚು. ಮೂತ್ರನಾಳದ ಕೆಳತುದಿಯ ತಡೆ ಮತ್ತು ಅಲ್ಲಿ ಚೀಲದಂತೆ ಉಬ್ಬುವ ಯುರೆಟೆರೋಸೀಲ್ ಇತರ ಕಾರಣಗಳು. ಗಂಡುಶಿಶುಗಳಲ್ಲಿ ಅತಿ ಗಂಭೀರವಾದದ್ದು ವಿಸರ್ಜನಾ ನಾಳದ ಹಿಂಭಾಗದ ಕವಾಟಗಳು. ಇವನ್ನು 1919ರಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ವರ್ಗೀಕರಿಸಿದರು. ಇಲ್ಲಿ ತಡೆ ಮೂತ್ರಕೋಶದ ಕೆಳಗಿರುವುದರಿಂದ ಎರಡೂ ಮೂತ್ರಪಿಂಡಗಳು ಏಟು ತಿನ್ನುತ್ತವೆ. ಕಲ್ಲು, ಗೆಡ್ಡೆಯ ಒತ್ತಡ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಕ್ಯಾಂಡಿಡಾ ಶಿಲೀಂಧ್ರದ ಉಂಡೆ, ಶಸ್ತ್ರಕ್ರಿಯೆಯ ನಂತರದ ಬಾವು ಮೊದಲಾದವು ಜನನಾನಂತರದ ಕಾರಣಗಳು.

ರೋಗನಿರ್ಣಯ: ಇಂದು ಬಹುಪಾಲು ಪ್ರಕರಣಗಳು ಗರ್ಭಿಣಿಯ ಅಲ್ಟ್ರಾಸೌಂಡ್‌ನಲ್ಲೇ ಗೋಚರಿಸುತ್ತವೆ. ನೂರು ಗರ್ಭಗಳಲ್ಲಿ ಸುಮಾರು ಒಂದೆರಡರಲ್ಲಿ ಭ್ರೂಣದ ಮೂತ್ರಪಿಂಡ ಹಿಗ್ಗಿದಂತೆ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ. ಹೀಗಾಗಿ ಹಿಗ್ಗಿದ ಮೂತ್ರಪಿಂಡವೆಲ್ಲ ತಡೆಯುಳ್ಳ ಮೂತ್ರಪಿಂಡವಲ್ಲ, ಎಲ್ಲವನ್ನೂ ಬಸಿಯಬೇಕಾಗಿಲ್ಲ. ಜನನದ ನಂತರ ಅಲ್ಟ್ರಾಸೌಂಡ್‌ನಿಂದ ಹಿಗ್ಗುವಿಕೆಯನ್ನು 1ರಿಂದ 4ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲ ಎರಡು ದಿನ ಶಿಶುವಿನ ಮೂತ್ರೋತ್ಪತ್ತಿ ಕಡಿಮೆಯಿರುವುದರಿಂದ ಹಿಗ್ಗುವಿಕೆ ಇರುವುದಕ್ಕಿಂತ ಕಡಿಮೆಯಾಗಿ ತೋರಬಹುದು. ರಕ್ತದ ಕ್ರಿಯಾಟಿನಿನ್ ಸಹ ಆ ದಿನಗಳಲ್ಲಿ ತಾಯಿಯ ಮಟ್ಟವನ್ನೇ ಬಿಂಬಿಸುತ್ತದೆ. ಪ್ರತಿ ಮೂತ್ರಪಿಂಡದ ಕಾರ್ಯಪಾಲನ್ನೂ ಹರಿವನ್ನೂ ಡಿಟಿಪಿಎ, ಮ್ಯಾಗ್-3ರಂಥ ವಿಕಿರಣ ಸ್ಕ್ಯಾನುಗಳು ತಿಳಿಸುತ್ತವೆ. ಕವಾಟಗಳ ಸಂಶಯವಿದ್ದರೆ ಮೂತ್ರಕೋಶಕ್ಕೆ ಬಣ್ಣದ ದ್ರಾವಣ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸ್-ರೇ ತೆಗೆಯುತ್ತಾರೆ.

ಯಾವಾಗ ಬಸಿಯಬೇಕು: ತಡೆಯ ಹಿಂದೆ ಕೀವು ತುಂಬಿದಾಗ (ಪಯೊನೆಫ್ರೋಸಿಸ್), ಎರಡೂ ಕಡೆ ಅಥವಾ ಇರುವ ಒಂದೇ ಮೂತ್ರಪಿಂಡದಲ್ಲಿ ತಡೆಯುಂಟಾಗಿ ಮೂತ್ರ ನಿಂತಾಗ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಏರುತ್ತಿರುವಾಗ ಇದು ತುರ್ತು ಚಿಕಿತ್ಸೆ. ತಡೆಯುಂಟಾದ ಮೂತ್ರಪಿಂಡದಲ್ಲಿ ಸೋಂಕಿದ್ದರೆ ಆಂಟಿಬಯೋಟಿಕ್ ಮಾತ್ರ ಸಾಲದು. ಕಟ್ಟಿದ ಮೂತ್ರವನ್ನೂ ಹೊರಬಿಡಬೇಕು. ಸ್ಕ್ಯಾನಿನಲ್ಲಿ ತೀರ ಕಡಿಮೆ ಕೆಲಸ ತೋರುವ ಮೂತ್ರಪಿಂಡವನ್ನು ಕೆಲವು ವಾರ ಬಸಿದು, ಅದು ಚೇತರಿಸಿಕೊಂಡರೆ ದುರಸ್ತಿ ಮಾಡುವುದೋ ಇಲ್ಲದಿದ್ದರೆ ತೆಗೆಯುವುದೋ ಎಂದು ನಿರ್ಧರಿಸುವ ಪದ್ಧತಿಯೂ ಇದೆ.

ತೂರುನಳಿಕೆ: ಕವಾಟಗಳಿರುವ ನವಜಾತ ಶಿಶುವಿಗೆ ಮೊದಲ ಕ್ರಮ ಮೂತ್ರಕೋಶದ ಬಸಿಯುವಿಕೆ. ಇದಕ್ಕೆ ಹಾಲುಣಿಸಲು ಬಳಸುವ 5 ಅಥವಾ 6 ಫ್ರೆಂಚ್ ಅಳತೆಯ ಮೆದು ನಳಿಕೆಯೇ ಸಾಕು (3 ಫ್ರೆಂಚ್ ಎಂದರೆ 1 ಮಿಲಿಮೀಟರ್ ವ್ಯಾಸ). ಬಲೂನಿನ ನಳಿಕೆ ದಪ್ಪಗೋಡೆಯ ಸಣ್ಣ ಮೂತ್ರಕೋಶವನ್ನು ಸೆಡೆಸಿ, ಮೂತ್ರನಾಳಗಳ ಬಾಯಿಯನ್ನೇ ಒತ್ತಬಹುದಾದ್ದರಿಂದ ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಕೆಳದಾರಿಯಿಂದ ಸಾಧ್ಯವಾಗದಿದ್ದರೆ ಕಿಬ್ಬೊಟ್ಟೆಯ ಮೂಲಕ ನಳಿಕೆ ಇಡುತ್ತಾರೆ. ರಕ್ತದ ಲವಣಾಂಶಗಳು ಹತೋಟಿಗೆ ಬಂದ ಮೇಲೆ ಅಂತರ್ದರ್ಶಕದ (ಎಂಡೋಸ್ಕೋಪ್) ಮೂಲಕ ಕವಾಟಗಳನ್ನು ಕಡಿಯಲಾಗುತ್ತದೆ.

ನೆಫ್ರೋಸ್ಟಮಿ: ಬೆನ್ನಿನ ಚರ್ಮದ ಮೂಲಕ ಮೂತ್ರಪಿಂಡಕ್ಕೆ ನೇರವಾಗಿ ನಳಿಕೆ ಇಡುವ ವಿಧಾನ. ಸೂಜಿ ಚುಚ್ಚಿ ಹೀಗೆ ಬಸಿಯುವುದನ್ನು 1955ರಲ್ಲಿ ಅಮೆರಿಕದ ವಿಲ್ಲರ್ಡ್ ಗುಡ್‌ವಿನ್ ಮತ್ತು ಸಂಗಡಿಗರು ವರದಿ ಮಾಡಿದರು. ಸ್ವೀಡನ್ನಿನ ಸ್ವೆನ್-ಐವಾರ್ ಸೆಲ್ಡಿಂಗರ್ 1953ರಲ್ಲಿ ರಕ್ತನಾಳಗಳಿಗಾಗಿ ರೂಪಿಸಿದ ತಂತಿಯ ತಂತ್ರ ಮುಂದೆ ಇದಕ್ಕೂ ಆಧಾರವಾಯಿತು. ಹಿಂದೆ ಇದೇ ಕೆಲಸಕ್ಕೆ ತೆರೆದ ಶಸ್ತ್ರಕ್ರಿಯೆ ಬೇಕಾಗುತ್ತಿತ್ತು.

ಶಿಶುಗಳಿಗೂ ಚಿಕ್ಕ ಮಕ್ಕಳಿಗೂ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ದೊಡ್ಡ ಮಕ್ಕಳಲ್ಲಿ ಮಂಪರು ಮತ್ತು ಸ್ಥಳೀಯ ಅರಿವಳಿಕೆ ಸಾಕಾಗಬಹುದು. ಮಗುವನ್ನು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಬಟ್ಟೆಯ ಸುರುಳಿ ಇಟ್ಟು, ಮೈ ತಣ್ಣಗಾಗದಂತೆ ಕಾಪಾಡಿ, ಅಲ್ಟ್ರಾಸೌಂಡ್ ನೋಡುತ್ತ ಹನ್ನೆರಡನೆಯ ಪಕ್ಕೆಲುಬಿನ ಕೆಳಗಿನಿಂದ ಹಿಂಬದಿಯ ಕೆಳಬಟ್ಟಲಿಗೆ ಸೂಜಿ ಹಾಯಿಸುತ್ತಾರೆ. ಮೂತ್ರಪಿಂಡದ ಮುಂದಿನ ಮತ್ತು ಹಿಂದಿನ ರಕ್ತನಾಳಗಳ ಕವಲುಗಳ ನಡುವೆ ರಕ್ತನಾಳ ವಿರಳವಾದ ಸಮತಲವೊಂದಿದೆ. ಮ್ಯಾಕ್ಸ್ ಬ್ರೋಡೆಲ್ ಹೆಸರು ಹೊತ್ತಿರುವ ಈ ಗೆರೆಯ ಮೂಲಕ ಹೋದರೆ ರಕ್ತಸ್ರಾವ ಕಡಿಮೆ. ಮೂತ್ರ ಬಂದೊಡನೆ ಸ್ವಲ್ಪವನ್ನು ಪರೀಕ್ಷೆಗೆ ತೆಗೆದು, ಸೂಜಿಯೊಳಗಿಂದ ತಂತಿ ಇಳಿಸಿ, ದಾರಿ ಹಿಗ್ಗಿಸಿ, ತಂತಿಯ ಮೇಲಿಂದ ಬಾಲ ಸುರುಳಿಯಾಗುವ ನಳಿಕೆಯನ್ನು ಜಾರಿಸುತ್ತಾರೆ. ಶಿಶುಗಳಿಗೆ 5ರಿಂದ 8 ಫ್ರೆಂಚ್ ನಳಿಕೆ ಸಾಕು. ಸೋಂಕಿದ್ದಾಗ ಬಣ್ಣದ ದ್ರಾವಣವನ್ನು ಒತ್ತಿ ತುಂಬಬಾರದು. ಹಾಗೆ ಮಾಡಿದರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ.

ಮಗುವಿನಲ್ಲಿ ಇದು ದೊಡ್ಡವರ ಚಿಕಿತ್ಸೆಯ ಕಿರು ಆವೃತ್ತಿಯಲ್ಲ. ಶಿಶುವಿನ ಮೂತ್ರಪಿಂಡದ ಸುತ್ತ ಕೊಬ್ಬು ಕಡಿಮೆ; ಅದು ಸುಲಭವಾಗಿ ಸರಿದಾಡುತ್ತದೆ, ಸೂಜಿ ತಾಗಿದರೆ ಜಾರುತ್ತದೆ. 3 ಕಿಲೋ ತೂಕದ ಶಿಶುವಿನ ಒಟ್ಟು ರಕ್ತವೇ ಸುಮಾರು 240 ಮಿಲಿಲೀಟರ್ ಆದ್ದರಿಂದ ಅಲ್ಪ ರಕ್ತಸ್ರಾವವೂ ಗಂಭೀರ.

ಡಬಲ್-ಜೆ ಸ್ಟೆಂಟ್: ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಮೂತ್ರನಾಳದೊಳಗೇ ಮಲಗುವ, ಎರಡೂ ತುದಿ ಸುರುಳಿಯಾದ ನಳಿಕೆ. 1978ರಲ್ಲಿ ರಾಯ್ ಫಿನ್ನಿ ಇದನ್ನು ವಿವರಿಸಿದರು. ಮಗುವಿನ ವಯಸ್ಸಿಗೆ 10 ಕೂಡಿಸಿದರೆ ಬೇಕಾದ ಉದ್ದ ಸೆಂಟಿಮೀಟರುಗಳಲ್ಲಿ ಸರಿಸುಮಾರಾಗಿ ಸಿಗುತ್ತದೆ. ಹೊರಗೆ ಚೀಲವಿಲ್ಲದಿರುವುದು ಇದರ ಅನುಕೂಲ. ಇಡಲೂ ತೆಗೆಯಲೂ ಮಗುವಿಗೆ ಅರಿವಳಿಕೆ ಬೇಕಾಗುವುದು ಅನನುಕೂಲ. ಪದೇ ಪದೇ ಮೂತ್ರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಾಣಬಹುದು. ತೆಗೆಯಲು ಮರೆತ ಸ್ಟೆಂಟಿನ ಮೇಲೆ ಲವಣಗಳು ಕಲ್ಲಿನಂತೆ ಕಟ್ಟಿಕೊಂಡು ಮೂತ್ರಪಿಂಡಕ್ಕೇ ಕುತ್ತಾಗುತ್ತವೆ. ಆದ್ದರಿಂದ ತೆಗೆಯುವ ದಿನಾಂಕವನ್ನು ಮನೆಯವರಿಗೆ ಬರೆದುಕೊಡುವುದು ಚಿಕಿತ್ಸೆಯ ಭಾಗವೇ ಆಗಿದೆ.

ಚರ್ಮಕ್ಕೆ ತೆರೆಯುವ ದ್ವಾರಗಳು: ತಿಂಗಳುಗಟ್ಟಲೆ ಬಸಿಯಬೇಕಾದಾಗ ನಳಿಕೆಯಿಲ್ಲದ ದಾರಿಗಳು ಮೇಲು. ವೆಸಿಕೋಸ್ಟಮಿಯಲ್ಲಿ ಮೂತ್ರಕೋಶದ ನೆತ್ತಿಯನ್ನು ಹೊಕ್ಕುಳಿನ ಕೆಳಗೆ ಚರ್ಮಕ್ಕೆ ಹೊಲಿಯುತ್ತಾರೆ; ಮೂತ್ರ ನೇರ ಡೈಪರಿಗೆ ಇಳಿಯುತ್ತದೆ. 1957ರಲ್ಲಿ ಬ್ಲಾಕ್ಸಮ್ ವಿವರಿಸಿದ ಈ ಕ್ರಮ ಕವಾಟ ಕಡಿಯಲು ಉಪಕರಣ ಹೊಗದಷ್ಟು ಚಿಕ್ಕ ಶಿಶುಗಳಿಗೆ ಉಪಯುಕ್ತ. ಯುರೆಟೆರೋಸ್ಟಮಿಯಲ್ಲಿ ಮೂತ್ರನಾಳವನ್ನೇ ಚರ್ಮಕ್ಕೆ ತೆರೆಯುತ್ತಾರೆ. ಮಗು ಬೆಳೆದ ಮೇಲೆ ಇವನ್ನು ಮುಚ್ಚಲಾಗುತ್ತದೆ. ದ್ವಾರ ಕಿರಿದಾಗುವುದು, ಒಳಪೊರೆ ಹೊರಚಾಚುವುದು, ಸುತ್ತಲ ಚರ್ಮ ಕೆಂಪಾಗುವುದು ಇವುಗಳ ತೊಡಕುಗಳು.

ಭ್ರೂಣದಲ್ಲಿ: 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಹ್ಯಾರಿಸನ್ ತಂಡ ಗರ್ಭದಲ್ಲಿದ್ದ ಶಿಶುವಿನ ಕಟ್ಟಿಕೊಂಡ ಮೂತ್ರವನ್ನು ತೆರೆದ ಶಸ್ತ್ರಕ್ರಿಯೆಯಿಂದ ಬಸಿಯಿತು. ಮೂತ್ರಕೋಶದಿಂದ ಗರ್ಭಜಲಕ್ಕೆ ನಳಿಕೆ ಇಡುವ ಷಂಟ್ ಇಂದಿನ ರೂಢಿ. ಬ್ರಿಟನ್ ನೇತೃತ್ವದ ಪ್ಲೂಟೊ ಅಧ್ಯಯನದ (2013) ಪ್ರಕಾರ ಷಂಟ್ ಶಿಶುವಿನ ಉಳಿವಿಗೆ ನೆರವಾಗಬಹುದು. ಆದರೆ ಉಳಿದವರಲ್ಲಿ ಸಹಜ ಮೂತ್ರಪಿಂಡ ಹೊಂದಿದವರು ವಿರಳ.

ಬಸಿದ ನಂತರ: ತಡೆ ಕಳೆದೊಡನೆ ಮೂತ್ರ ಭಾರಿ ಪ್ರಮಾಣದಲ್ಲಿ ಹರಿಯಬಹುದು. ಹಾನಿಗೊಂಡ ಮೂತ್ರಪಿಂಡ ನೀರನ್ನೂ ಸೋಡಿಯಂ ಅನ್ನೂ ಹಿಡಿದಿಡಲಾರದು. ಶಿಶುವಿನ ಸಾಮಾನ್ಯ ಮೂತ್ರ ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ 1–2 ಮಿಲಿಲೀಟರ್. ಅದನ್ನು ಮೀರಿ ಹರಿದುಹೋದದ್ದನ್ನು ಅಳೆದು ದ್ರವ ತುಂಬದಿದ್ದರೆ ಮಗು ನಿರ್ಜಲೀಕರಣಕ್ಕೆ ಸಿಲುಕುತ್ತದೆ. ಮೊದಲ ಒಂದೆರಡು ದಿನ ಮೂತ್ರ ಗುಲಾಬಿ ಬಣ್ಣಕ್ಕಿರುವುದು ಸಹಜ. ಗಾಢ ಕೆಂಪಾದರೆ, ಹೆಪ್ಪುಗಳು ಬಂದರೆ, ಜ್ವರ ಬಂದರೆ, ಹರಿವು ನಿಂತರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಳಿಕೆ ಜಾರಿಹೋಗುವುದು ಮಕ್ಕಳಲ್ಲಿ ಪದೇ ಪದೇ ಕಾಣುವ ತೊಂದರೆ. ನಳಿಕೆಯನ್ನು ಚರ್ಮಕ್ಕೆ ಭದ್ರವಾಗಿ ಅಂಟಿಸಿ, ಕೈಗೆ ಸಿಗದಂತೆ ಬಟ್ಟೆಯೊಳಗೆ ಸೇರಿಸಿ, ಚೀಲವನ್ನು ಸೊಂಟಕ್ಕಿಂತ ಕೆಳಗೆ ಇಡಬೇಕು.

ಶಾಶ್ವತ ಚಿಕಿತ್ಸೆ ಮತ್ತು ಪರಿಣಾಮ: ಪಿಯುಜೆ ತಡೆಗೆ 1949ರಲ್ಲಿ ಆಂಡರ್ಸನ್ ಮತ್ತು ಹೈನ್ಸ್ ವಿವರಿಸಿದ ಪೈಲೋಪ್ಲಾಸ್ಟಿ ಇಂದಿಗೂ ಮಾದರಿ. ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ಮೂತ್ರನಾಳವನ್ನು ಆಲಿಕೆಗೆ ಮರುಜೋಡಿಸುವ ಇದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಯಶಸ್ವಿ. ಕವಾಟಗಳಿದ್ದ ಮಕ್ಕಳ ದಾರಿ ದೀರ್ಘವಾದದ್ದು. ತಡೆ ಹೋದ ಮೇಲೂ ಮೂತ್ರಕೋಶದ ದೋಷ ಉಳಿದು ಮೂತ್ರಪಿಂಡಗಳು ಕ್ರಮೇಣ ಸೋಲಬಹುದು. ಕೆಲವರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುತ್ತದೆ. ಹೀಗಾಗಿ ರಕ್ತದೊತ್ತಡ, ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್ ಮತ್ತು ಬೆಳವಣಿಗೆಯ ತಪಾಸಣೆಯನ್ನು ಪ್ರಾಯ ಬಂದ ಮೇಲೂ ಮುಂದುವರಿಸಲಾಗುತ್ತದೆ.