ಕೆರೆ ಕಾಯುವವರ ಬೆರಗು

ತರೀಕೆರೆ ಸಮೀಪದ ಅಮೃತಾಪುರಕ್ಕೆ ಹೋದವರಿಗೆ ಚರಿತ್ರೆ ಕಲ್ಲಿನ ಮೇಲೆಯೇ ಓದಲು ಸಿಗುತ್ತದೆ. ಅಮೃತೇಶ್ವರನ ಗುಡಿ ಕಟ್ಟಿದ್ದು ಕ್ರಿ.ಶ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, ಕಟ್ಟಿಸಿದವನು ಆತನ ದಂಡನಾಯಕ, ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಕಾಲ, ಕರ್ತೃ, ಕವಿ ಎಲ್ಲವೂ ಗೊತ್ತಿರುವ ಇಂಥ ಸ್ಮಾರಕಗಳ ಸುತ್ತಲೇ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಇತಿಹಾಸವನ್ನು ಬರೆಯುತ್ತ ಬಂದಿದ್ದೇವೆ. ಆದರೆ ಈ ನೆಲದಿಂದ ಹೊರಟು ಕನ್ನಡ ನಾಡಿನ ಬಾಯಲ್ಲೆಲ್ಲ ನೆಲೆನಿಂತದ್ದು ಒಂದು ಮಳೆ. ಮದಗದ ಕೆರೆಗೆ ಬಂದ ಮಾಯದಂಥ ಮಳೆಯ ಹಾಡಿಗೆ ತೇದಿಯಿಲ್ಲ, ಕಟ್ಟಿದವರ ಹೆಸರಿಲ್ಲ. ಹಾಗೆಂದು ಅದನ್ನು ಬರಿಯ ಭಾವದ ಸರಕೆಂದು ಬದಿಗಿಡುವುದು ದೊಡ್ಡ ನಷ್ಟ. ದಿನದ ಬದುಕಿನ ಸಣ್ಣ ಸಂಗತಿಗಳಲ್ಲಿ ಮಾಯೆ ಕಾಣುವ ಶಕ್ತಿ ಈ ಸೀಮೆಯ ಜನರಿಗೆ ಎಲ್ಲಿಂದ ಬಂತು ಎಂಬುದಕ್ಕೆ ಆ ಹಾಡು ಒಂದು ದಾಖಲೆ. ಆ ಶಕ್ತಿ ಪುರುಸೊತ್ತಿನಿಂದ ಬಂದದ್ದಲ್ಲ, ಅಜ್ಞಾನದಿಂದಲೂ ಅಲ್ಲ. ನೀರನ್ನು ದಿನವೂ ಅಳೆದು, ಕಾದು, ಹಂಚುವ ದುಡಿಮೆಯಿಂದ ಬಂತು ಎಂಬುದು ನನ್ನ ವಾದ.

ಮೊದಲು ನೆಲದ ಸ್ಥಿತಿ ನೋಡಬೇಕು. ಬಾಬಾಬುಡನ್‌ಗಿರಿ ಸಾಲು ಪಡುವಣದ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಬೆಟ್ಟದ ಆಚೆ ಮಲೆನಾಡು ತಿಂಗಳುಗಟ್ಟಲೆ ತೊಯ್ದರೆ, ಈಚೆಯ ಕಡೂರಿಗೆ ವರ್ಷಕ್ಕೆ ಸಿಗುವುದು ಸುಮಾರು 600 ಮಿಲಿಮೀಟರ್ ಮಳೆ. ಒಂದೇ ಜಿಲ್ಲೆಯಲ್ಲಿ ಒಬ್ಬರು ಮಳೆ ಯಾವಾಗ ನಿಂತೀತು ಎಂದು ಕಾಯುವಾಗ ಇನ್ನೊಬ್ಬರು ಯಾವಾಗ ಬಂದೀತು ಎಂದು ಕಾಯುತ್ತಾರೆ. ಆದರೆ ಬೆಟ್ಟ ಮಳೆಯನ್ನು ಪೂರ್ತಿ ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ಅದರ ಮೂಡಣ ಮೈಯಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿಯುತ್ತವೆ. ಬಯಲಿಗೆ ಕಾಲಿಡುವ ಮೊದಲೇ ಎರಡಕ್ಕೂ ಹಿಂದಿನವರು ಏರಿ ಹಾಕಿದರು. ವೇದೆಯ ಕಡೆ ಸಖರಾಯಪಟ್ಟಣದ ಅಯ್ಯನಕೆರೆ, ಅವತಿಯ ಕಡೆ ಎಮ್ಮೇದೊಡ್ಡಿ ಬಳಿಯ ಮದಗದ ಕೆರೆ. ಕೋಡಿ ದಾಟಿದ ನೀರು ಕೆರೆಯಿಂದ ಕೆರೆಗೆ ಇಳಿದು, ಕಡೂರಿನ ಬಳಿ ಎರಡೂ ಹೊಳೆ ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಸಾಗುತ್ತದೆ. ಈ ಏರ್ಪಾಡಿನ ಫಲವೊಂದನ್ನು ಗಮನಿಸಬೇಕು. ಕೆಳಗಿನ ಹೊಲಗಳಲ್ಲಿ ಒಂದು ಹನಿಯೂ ಬೀಳದ ದಿನ, ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೇ, ಎಲ್ಲೋ ಬೆಟ್ಟದಲ್ಲಿ ಸುರಿದ ಮಳೆ ಕೆಂಪು ನೀರಾಗಿ ಹಳ್ಳದಲ್ಲಿ ಬಂದುಬಿಡಬಹುದು. ಬರದ ಸೀಮೆಯವನೊಬ್ಬ ಅದನ್ನು ಮಾಯ ಎಂದು ಕರೆದರೆ ಉತ್ಪ್ರೇಕ್ಷೆಯೇನಿದೆ?

ಇನ್ನು ಹಾಡಿಗೆ ಬರೋಣ. ಅದು ಶುರುವಾಗುವುದು ಅಂಗೈಯಗಲದ ಒಂದು ಮೋಡದಿಂದ. ದೊಡ್ಡ ಗುಡುಗಿನಿಂದಲ್ಲ, ದೇವರ ಪ್ರತ್ಯಕ್ಷದಿಂದಲ್ಲ. ಆಕಾಶದಲ್ಲಿ ಅಷ್ಟು ಸಣ್ಣದನ್ನು ಗುರುತಿಸುವ ಕಣ್ಣು ಯಾರದಿರಬಹುದು? ಮಳೆ ನೋಡಿ ಸಂತೋಷಪಡಲು ಬಂದವನದಂತೂ ಅಲ್ಲ. ಮುಂದೆ ಹಾಡು ತಿರುಗುವುದು ಲೆಕ್ಕದ ಕಡೆಗೆ. ತುಂಬಿದ ಕೆರೆಯ ಗಂಗೆ ತಾನಿಲ್ಲಿ ನಿಲ್ಲುವವಳಲ್ಲ, ಓಡಿಹೋಗಿ ಸುದ್ದಿ ಕೊಡಿ ಎನ್ನುತ್ತಾಳೆ; ಅವಳನ್ನು ನಿಲ್ಲಿಸಲು ಸಾವಿರಗಟ್ಟಲೆ ಒಡ್ಡರು, ಸಾವಿರಗಟ್ಟಲೆ ಗುದ್ದಲಿ, ಬಲಿಗೆ ಕುರಿ ಎಂದು ಪಟ್ಟಿ ಬೆಳೆಯುತ್ತದೆ. ಮಾಯ ಎಂಬ ಮಾತಿನಿಂದ ಹೊರಟ ಹಾಡು ಕೂಲಿಯಾಳು, ಹತ್ಯಾರ, ಮಣ್ಣಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಏರಿ ಕಟ್ಟುವುದು ಎಂದರೇನು ಎಂದು ಬಲ್ಲವರು ಮಾತ್ರ ಕಟ್ಟಬಲ್ಲ ಹಾಡು ಇದು. ಇಲ್ಲಿ ಬೆರಗು ಒಂದು ಕಡೆ, ದುಡಿಮೆ ಒಂದು ಕಡೆ ಎಂಬ ವಿಂಗಡಣೆಯೇ ಇಲ್ಲ. ಮಳೆ ಎಷ್ಟು ಮಾಯವೋ ಅದನ್ನು ತಡೆದು ನಿಲ್ಲಿಸಿದ ಮಣ್ಣಿನ ದಿಬ್ಬವೂ ಅಷ್ಟೇ ಮಾಯ.

ಅಂಗೈಯಗಲದ ಮೋಡ ಗುರುತಿಸಿದ ಆ ಕಣ್ಣು ನೀರುಗಂಟಿಯದು ಎಂದು ನಾನು ಭಾವಿಸುತ್ತೇನೆ. ಊರಿನ ಆಯಗಾರರಲ್ಲಿ ಒಬ್ಬನಾದ ಆತನ ಕೆಲಸ ತೂಬು ಎತ್ತಿ ಇಳಿಸುವುದಷ್ಟೇ ಆಗಿರಲಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮುಗಿಯಿತು, ಕೊನೆಯ ಮಡಿಗೆ ನೀರು ಮುಟ್ಟಿತೇ ಎಂಬುದು ಅವನ ತಲೆಯಲ್ಲಿರಬೇಕಿತ್ತು. ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಏಡಿ ಕೊರೆದ ತೂತು, ಹೆಗ್ಗಣದ ಬಿಲ, ಜಿನುಗುವ ತೇವ ಎಲ್ಲಿದೆ ಎಂದು ಹುಡುಕಬೇಕಿತ್ತು. ಬೆರಳು ತೂರುವಷ್ಟು ತೂತು ಬೆಳಗಾಗುವುದರೊಳಗೆ ಕೆರೆಯನ್ನೇ ಒಯ್ಯಬಲ್ಲದು. ಹೀಗೆ ಅಲ್ಪವಾದದ್ದರ ಮೇಲೆ ಊರಿನ ವರ್ಷದ ಅನ್ನ ನಿಂತಿರುವಾಗ ಅಲ್ಪವಾದದ್ದು ತಾನಾಗಿ ಕಣ್ಣಿಗೆ ದೊಡ್ಡದಾಗುತ್ತದೆ. ಮೊದಲ ಹೊಸನೀರಿಗೆ ಎದುರೇರಿ ಬರುವ ಮೀನು, ಕಪ್ಪೆಗಳ ದನಿ, ಆರಿದ್ರೆ ಮಳೆಗೂ ಹಸ್ತದ ಮಳೆಗೂ ಇರುವ ಹನಿಯ ವ್ಯತ್ಯಾಸ, ಇವೆಲ್ಲ ಅವನ ಪಾಲಿಗೆ ಸುದ್ದಿಗಳು. ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನದ ನಕ್ಷತ್ರಗಳಾಗಿ ಒಡೆದು ಒಂದೊಂದಕ್ಕೂ ಗಾದೆ ಕಟ್ಟಿಟ್ಟ ರೈತರಿಗೂ ಇದೇ ಮಾತು ಸಲ್ಲುತ್ತದೆ. ಶಾಸನಗಳೂ ಇದಕ್ಕೆ ಪುಷ್ಟಿ ಕೊಡುತ್ತವೆ. ಕೆರೆಯ ದುರಸ್ತಿಗೆ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಯ ಭೂಮಿ, ಹೂಳು ಸಾಗಿಸಲು ಇಟ್ಟ ಕೆರೆಬಂಡಿಯ ಖರ್ಚು, ಇವು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ನಿತ್ಯದ ಆರೈಕೆಯೇ ಪುಣ್ಯದ ಬಾಬತ್ತಾಗಿತ್ತು.

ಇದಕ್ಕೆ ಸಹಜವಾಗಿ ಏಳುವ ಆಕ್ಷೇಪವೊಂದಿದೆ. ಮಳೆ ಏಕೆ ಬರುತ್ತದೆಂದು ತಿಳಿಯದವರು ಮಾಯ ಎಂದರು. ತಿಳಿದ ಮೇಲೆ ಮಾಯ ಹೋಯಿತು, ಇದರಲ್ಲಿ ಹೆಚ್ಚುಗಾರಿಕೆ ಏನು? ಈ ವಾದ ಸರಳವಾಗಿ ಕಂಡರೂ ಸಾಕ್ಷ್ಯಕ್ಕೆ ಒಗ್ಗುವುದಿಲ್ಲ. ಹೊಳೆ ಬೆಟ್ಟ ಬಿಡುವ ಜಾಗ ಹುಡುಕಿ ಅಲ್ಲೇ ಏರಿ ಹಾಕಿದವರಿಗೆ ನೀರು ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ ಎನ್ನಲಾದೀತೆ? ಅಯ್ಯನಕೆರೆಯನ್ನು ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಜೀರ್ಣೋದ್ಧಾರ ಮಾಡಿದರು. ಅಂದರೆ ಎಂಟು ಶತಮಾನಕ್ಕೂ ಹಿಂದೆಯೇ ಅದು ಹಳೆಯ ಕೆರೆ. ಇಷ್ಟು ಕಾಲ ನೀರಿನ ಒತ್ತಡ ತಡೆದ ಕಟ್ಟೆ ಅಜ್ಞಾನದ ಮೇಲೆ ನಿಲ್ಲುವುದಿಲ್ಲ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣ್ಮೆಯೇ ಬೇಕು ಎಂಬರ್ಥದ ಮಾತು ಬರೆದ. ನೀರು ನಿಲ್ಲುವ ತಾಣಗಳನ್ನೆಲ್ಲ ಹಿಂದಿನವರು ಆಗಲೇ ಕಂಡುಕೊಂಡಿದ್ದರು. ಕಾರಣ ಬಲ್ಲವರೂ ಬೆರಗಾಗುತ್ತಾರೆ. ನೀರು ಬರುವ ದಾರಿ ಗೊತ್ತಿತ್ತು. ಈ ವರ್ಷ ಬಂದೀತೇ ಎಂಬುದು ಗೊತ್ತಿರಲಿಲ್ಲ. ಬೆರಗು ಹುಟ್ಟಿದ್ದು ಆ ನಡುವಿನ ಜಾಗದಲ್ಲಿ.

ಹಾಡಿನ ಮದಗ ಎಮ್ಮೇದೊಡ್ಡಿಯದಲ್ಲ, ಹಾವೇರಿ ಜಿಲ್ಲೆಯ ಮದಗ ಮಾಸೂರು ಎನ್ನುವವರೂ ಇದ್ದಾರೆ. ಅದೂ ಮಲೆನಾಡಿನ ಅಂಚಿನ ಕೆರೆಯೇ, ಅಲ್ಲಿಯೂ ಮೇಲಣ ಮಳೆ ಕೆಳಗಣ ಗದ್ದೆಗೆ ಇಳಿಯುತ್ತದೆ. ಒಡೆತನದ ಈ ತಗಾದೆ ತೀರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಎರಡು ಸೀಮೆಯವರು ಒಂದೇ ಹಾಡನ್ನು ತಮ್ಮ ಕೆರೆಯದೆಂದು ಗಟ್ಟಿಯಾಗಿ ನಂಬುವುದು, ಇಂಥ ನೆಲದಲ್ಲೇ ಇಂಥ ಬೆರಗು ಬೇರೂರುತ್ತದೆ ಎಂಬ ಮಾತಿಗೆ ಬಲವನ್ನೇ ಕೊಡುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಬೇರೆ ಇದೆ. ಅದು ಅಯ್ಯನಕೆರೆಯ ಕಥೆಯೊಳಗೇ ಕುಳಿತಿದೆ. ದೊರೆ ರುಕ್ಮಾಂಗದರಾಯ ಕಟ್ಟಿಸಿದನೆಂದು ಹೇಳುವ ಆ ಕೆರೆ ಒಮ್ಮೆ ಒಡೆಯುವ ಸ್ಥಿತಿಗೆ ಬಂತಂತೆ. ಕೆರೆಯ ದೇವತೆ ಕಾವಲಿನವನಿಗೆ ಕಾಣಿಸಿಕೊಂಡು ತಾನು ಹೊರಟೆ ಎಂದಳಂತೆ. ದೊರೆಗೆ ತಿಳಿಸಿ ಬರುತ್ತೇನೆ, ನಾನು ಮರಳುವವರೆಗೆ ನಿಲ್ಲು ಎಂದು ಅವನು ಬೇಡಿ ಮಾತು ಪಡೆದ. ಸುದ್ದಿ ಕೇಳಿದ ಅರಮನೆ, ಇವನು ಮರಳದಿದ್ದರೆ ದೇವತೆ ಎಂದಿಗೂ ಹೋಗಲಾರಳು ಎಂದು ಎಣಿಸಿ ಅವನನ್ನು ಕೊಂದಿತು. ಸಖರಾಯಪಟ್ಟಣದಲ್ಲಿ ಹೊಂಬಿಲ್ಲನೆಂಬ ಊರ ಸೇವಕನ ಸ್ಮಾರಕವಿದೆ, ಆತ ಅಯ್ಯನಕೆರೆಗಾಗಿ ಬಲಿಯಾದವನು ಎಂದು ಹಳೆಯ ಗೆಜೆಟಿಯರ್‌ಗಳೂ ದಾಖಲಿಸಿವೆ. ಕೆರೆಯ ಮಾಯೆಯನ್ನು ಕೊಂಡಾಡುವವರು ಈ ಕೊಲೆಯನ್ನು ಏನು ಮಾಡುತ್ತಾರೆ? ಕಥೆಯಾಚೆಯ ನಿಜವೂ ಹಗುರವಲ್ಲ. ಬಹುಪಾಲು ಊರುಗಳಲ್ಲಿ ನೀರುಗಂಟಿ ದಲಿತನಾಗಿದ್ದ. ಊರಿಗೆಲ್ಲ ನೀರು ಹಂಚಿದವನಿಗೆ ಮೇಲ್ಜಾತಿಯ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಹಾಡಿನ ಒಡ್ಡರೂ ಊರಿಂದೂರಿಗೆ ಅಲೆದು ಮಣ್ಣು ಹೊತ್ತವರು. ಇದನ್ನು ಮರೆಸುವ ಬೆರಗು ನನಗೂ ಬೇಡ. ಆದರೆ ಕಥೆ ಇದನ್ನು ಮರೆಸಿದೆಯೇ ಎಂದು ಕೇಳಬೇಕು. ಮಾತಿಗೆ ನಿಂತವಳು ದೇವತೆ, ಮಾತನ್ನು ನಂಬಿದವನು ಕಾವಲಿನವನು, ದ್ರೋಹ ಬಗೆದದ್ದು ಅರಮನೆ ಎಂದು ಅದು ಯಾವ ಮುಲಾಜೂ ಇಲ್ಲದೆ ಹೇಳುತ್ತದೆ. ಶಾಸನದ ಕಲ್ಲು ದೊರೆಯ ಪುಣ್ಯ ಬರೆದಿಟ್ಟರೆ, ಜನ ಆಡಿಕೊಂಡ ಕಥೆ ದೊರೆಯ ಸಾಲವನ್ನು ಬರೆದಿಟ್ಟಿತು. ಈ ನೀರು ಯಾರದೋ ಜೀವ ತೆಗೆದು ನಿಂತದ್ದು ಎಂಬ ಅರಿವಿಲ್ಲದೆ ಅಯ್ಯನಕೆರೆಯ ಬೆರಗು ಪೂರ್ಣವಾಗುವುದಿಲ್ಲ.

ಅಜ್ಜಂಪುರದ ಕಡೆ ಇದೇ ಗುಣ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಾಗಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರು ಪಡೆದ ದನಗಳ ಇಲಾಖೆ ತನ್ನ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ವಿಂಗಡಿಸಿತ್ತು. ನೀರಿಳಿದ ಕೆರೆಯಂಗಳಗಳಲ್ಲಿ ಹಸಿರು ಉಳಿಯುವುದರಿಂದ ಅವೇ ಬೇಸಿಗೆಯ ಕಾವಲು. ಎಲ್ಲ ಒಣಗಿದಾಗ ಎಲ್ಲಿ ಹುಲ್ಲು ಉಳಿದಿರುತ್ತದೆ ಎಂಬ ದನಗಾಹಿಯ ತಿಳಿವಳಿಕೆ ಹೀಗೆ ಸರ್ಕಾರದ ದಫ್ತರವಾಯಿತು.

ಈ ಕೆರೆಗಳಿಗೆ ಆಮೇಲೆ ಆದದ್ದನ್ನು ಚುಟುಕಾಗಿ ಹೇಳಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೈಸೂರಿಗೆ ಲೋಕೋಪಯೋಗಿ ಇಲಾಖೆ ಬಂತು, ದೊಡ್ಡ ಕೆರೆಗಳು ಅದರ ಕೈ ಸೇರಿದವು. ಊರವರ ಕೈ ಬಿಟ್ಟುಹೋದದ್ದನ್ನು ಮರಳಿ ಕೊಡುವ ಪ್ರಯತ್ನವಾಗಿ 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆ ಮಾಡಿದರೂ ಅದು ಹೆಚ್ಚು ಬೇರು ಬಿಡಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಜಾತಿಗೆ ಕಟ್ಟಿಹಾಕಿದ ಚಾಕರಿಯಿಂದ ಬಿಡುಗಡೆ ಸಿಕ್ಕಿದ್ದು ನ್ಯಾಯ. ಆದರೆ ನೀರುಗಂಟಿಯ ಕೆಲಸವನ್ನು ಸಂಬಳ, ಗೌರವ ಕೊಟ್ಟು ಮಾಡಿಸುವ ಏರ್ಪಾಡನ್ನು ಎಲ್ಲ ಕೆರೆಗಳಿಗೂ ಯಾರೂ ಮಾಡಲಿಲ್ಲ. ತೋಟಗಳು ಕೊಳವೆಬಾವಿಗೆ ತಿರುಗಿದವು. ಅಂತರ್ಜಲದ ಅತಿಬಳಕೆಯಾದ ತಾಲ್ಲೂಕುಗಳ ಸಾಲಿಗೆ ಕಡೂರು ಸೇರಿತು. ಕೊಳವೆಬಾವಿ ಬೇಡವಿತ್ತು, ಮಳೆ ಕಾದು ಕೂರಬೇಕಿತ್ತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕೆರೆ ಬತ್ತಿದ ವರ್ಷ ಗುಳೆ ಹೋದವರಿಗೆ ಹಳೆಯ ಕಾಲ ಚೆಂದವಾಗಿರಲಿಲ್ಲ. ಆದರೆ ಆಳದ ನೀರು ಒಬ್ಬೊಬ್ಬರ ಹೊಲದಲ್ಲಿ ಕಣ್ಣಿಗೆ ಕಾಣದೆ ಇಳಿಯುತ್ತದೆ. ಅದಕ್ಕೆ ತುಂಬಿದ ದಿನವಿಲ್ಲ, ಕಾಯುವವನಿಲ್ಲ, ಒಟ್ಟಿಗೆ ನೋಡುವ ಗಳಿಗೆಯಿಲ್ಲ. ಕೆರೆಯಲ್ಲಿ ನೀರು ಇಳಿದದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಆದ್ದರಿಂದ ಎಲ್ಲರೂ ಜವಾಬ್ದಾರರಾಗಿದ್ದರು.

ಬೆರಗಿನ ಹಸಿವು ಮಾತ್ರ ಹೋಗಿಲ್ಲ. ಮದಗದ ಕೆರೆ ಕೋಡಿ ಬಿದ್ದ ವರ್ಷ ಇಂದಿಗೂ ಜನ ನೋಡಲು ಬರುತ್ತಾರೆ, ಬಾಗಿನ ಅರ್ಪಿಸುತ್ತಾರೆ. ಇದೇ ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಹರಿದದ್ದು ಮತ್ತೆ ಹಾಗೆ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿಯ ನೀರು ಕಂಡ ಜನರ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಅದರಲ್ಲಿ ಆ ವರ್ಷದ ಭಾರಿ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಗುಡ್ಡ ಕೊರೆದ ಸುರಂಗದಿಂದ ಬಂದ ನೀರಿನ ಪಾಲೂ ಇತ್ತು. ಸುರಂಗ ಕೊರೆದ ಕೂಲಿಗಳ ಮೇಲೆ ಇನ್ನೂ ಯಾರೂ ಹಾಡು ಕಟ್ಟಿದಂತಿಲ್ಲ. ಹೊಸ ಕಾಲುವೆಗಳು ಈ ಸೀಮೆಯ ಹಳೆಯ ಕೆರೆಗಳನ್ನು ತುಂಬಿಸುವ ಮಾತು ನಡೆದಿದೆ. ಹಾಗೆ ತುಂಬಿಸುವ ಪ್ರತಿ ಕೆರೆಗೂ, ಯಾವ ಜಾತಿಯವರಾದರೂ ಸರಿ, ಸಂಬಳದ ಒಬ್ಬ ನೀರುಗಂಟಿಯನ್ನು ನೇಮಿಸಿ ಮಳೆಗಾಲದ ರಾತ್ರಿ ಏರಿಯ ಮೇಲೆ ಲಾಟೀನಿನ ಬದಲು ಟಾರ್ಚು ಕೊಟ್ಟು ನಡೆಸುವ ಖರ್ಚನ್ನೂ ಯೋಜನೆಯ ಅಂದಾಜುಪಟ್ಟಿಯಲ್ಲಿ ಬರೆಯಬೇಕು.