ಒಣಗಿದ ಕೆರೆಯಲ್ಲಿ ಕಾರು ಓಡಿಸಿದವರು

ಕಾರನ್ನು ಕೊಂಡ ಹಾಗೇ ಓಡಿಸೋರು ಒಂದು ಜಾತಿ. ಕೊಂಡ ಮಾರನೇ ದಿನವೇ ಬಾನೆಟ್ ಎತ್ತಿ, "ಇದನ್ನ ಸ್ವಲ್ಪ ಬದಲಾಯಿಸಿದ್ರೆ ಹೇಗೆ?" ಅನ್ನೋರು ಇನ್ನೊಂದು ಜಾತಿ. ಈ ಎರಡನೇ ಜಾತಿಯ ಮೂಲ ಹುಡುಕುತ್ತಾ ಹೋದರೆ ಸಿಗೋ ದೊಡ್ಡ ಊರು ಅಮೆರಿಕದ ಲಾಸ್ ಏಂಜಲಿಸ್. ಕಾಲ 1930ರ ದಶಕ. ಮುಂದೆ ಇವರ ಕಾರುಗಳಿಗೆ 'ಹಾಟ್ ರಾಡ್' ಅನ್ನೋ ಹೆಸರು ಬಿತ್ತು. ನಂಗೆ ಇವರ ವೇಗಕ್ಕಿಂತ ಇವರು ಪೊಲೀಸರಿಂದ, ಪತ್ರಿಕೆಗಳಿಂದ ಹೇಗೆ ಬಚಾವಾದರು ಅನ್ನೋದೇ ಹೆಚ್ಚು ಕುತೂಹಲ.

1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯ ಜನರ ಕಾರಿಗೆ ಹಾಕಿತು. 3.6 ಲೀಟರ್, 65 ಅಶ್ವಶಕ್ತಿ. ಅರ್ಧ ಶತಮಾನ ಕಳೆದು ನಮ್ಮಲ್ಲಿಗೆ ಬಂದ ಮಾರುತಿ 800ಕ್ಕೆ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಇತ್ತು ಅಷ್ಟೇ! ಕೆಲವೇ ವರ್ಷಗಳಲ್ಲಿ ಈ ಕಾರುಗಳು ಸೆಕೆಂಡ್ ಹ್ಯಾಂಡಿಗೆ ಬಂದವು, ಕೈಯಲ್ಲಿ ಕಾಸಿಲ್ಲದ ಹುಡುಗರಿಗೂ ಸಿಕ್ಕವು. ಹುಡುಗರು ಸಿಲಿಂಡರ್ ಹೆಡ್ಡನ್ನು ಕೊರೆದು ತೆಳ್ಳಗೆ ಮಾಡಿ ಕಂಪ್ರೆಷನ್ ಏರಿಸಿದರು. ಒಂದು ಕಾರ್ಬೊರೇಟರ್ ಇದ್ದ ಕಡೆ ಎರಡು ಕೂರಿಸಿದರು. ವಿಕ್ ಎಡೆಲ್‌ಬ್ರಾಕ್ ಅನ್ನೋ ಮೆಕ್ಯಾನಿಕ್ ತನ್ನ ಕಾರಿಗೆ ಅಂತ ಮಾಡಿಕೊಂಡ ಇನ್‌ಟೇಕ್ ಮ್ಯಾನಿಫೋಲ್ಡನ್ನು ನೋಡಿ ಎಲ್ಲರೂ "ನಂಗೂ ಒಂದು ಬೇಕು" ಅಂದರು. ಅವನ ಹೆಸರಿನ ಕಂಪನಿ ಹುಟ್ಟಿದ್ದು ಹಾಗೆ.

ಆದರೆ ಆ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ರೋಗ. ಸುಟ್ಟ ಹೊಗೆ ಹೊರಗೆ ಹೋಗುವ ದಾರಿ ಎಂಜಿನ್ ಬ್ಲಾಕಿನ ಒಳಗೇ, ತಣ್ಣೀರು ಸುತ್ತುವ ಜಾಗದ ಮಧ್ಯೆಯೇ ಹಾಯ್ದು ಹೋಗುತ್ತಿತ್ತು. ಅಂದರೆ ಎಂಜಿನ್ ತಣ್ಣಗಿಡಬೇಕಾದ ನೀರನ್ನು ಹೊಗೆಯೇ ಕಾಯಿಸುತ್ತಿತ್ತು! ಶಕ್ತಿ ಹೆಚ್ಚಿಸಿದಷ್ಟೂ ರೇಡಿಯೇಟರ್ ಕುದಿಯೋದು. ಬ್ಲಾಕಿನೊಳಗಿನ ತುಕ್ಕು ತೊಳೆಯೋದು, ದೊಡ್ಡ ರೇಡಿಯೇಟರ್ ಹಾಕೋದು, ಬಿರುಕು ಬಿಟ್ಟಿದೆಯಾ ಅಂತ ಹುಡುಕೋದು, ಇದೇ ವಾರಪೂರ್ತಿ ಕೆಲಸ. ಮೇಲಿಂದ, ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರು ನಿಂತುಬಿಡೋದು ಬೇರೆ. ಅದಕ್ಕೆ ಮದ್ದು ಒದ್ದೆ ಬಟ್ಟೆ. ಘಾಟಿ ಹತ್ತುವಾಗ ನಮ್ಮೂರ ಅಂಬಾಸಿಡರ್ ಟ್ಯಾಕ್ಸಿಯವರೂ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಇವರಿಗೆ ಅವರು ಹೇಳಿಕೊಟ್ಟಿದ್ದಲ್ಲ, ಅವರಿಗೆ ಇವರೂ ಅಲ್ಲ.

ಇಷ್ಟೆಲ್ಲ ರಿಪೇರಿ ಮಾಡಿದ ಕಾರನ್ನು ಓಡಿಸೋದೆಲ್ಲಿ? ಊರಿನ ಉತ್ತರಕ್ಕೆ ಗುಡ್ಡ ದಾಟಿದರೆ ಮೊಹಾವಿ ಮರುಭೂಮಿ, ಅಲ್ಲಿ ಮ್ಯೂರಾಕ್ ಅನ್ನೋ ಒಣಗಿದ ಕೆರೆ. ಬೇಸಗೆಯ ನಮ್ಮ ಕೆರೆಯಂಗಳದ ಹಾಗೇ ಗಟ್ಟಿ ಮಣ್ಣು, ಆದರೆ ಮೈಲಿಗಟ್ಟಲೆ. ಜೊತೆಯಾಗಿ ಹೊರಟು, ದಾರಿಯಲ್ಲಿ ಯಾರದ್ದಾದರೂ ಕೆಟ್ಟರೆ ಎಲ್ಲರೂ ನಿಂತು ಸರಿಮಾಡಿ ಅಲ್ಲಿಗೆ ಮುಟ್ಟುತ್ತಿದ್ದರು. ಮಡ್‌ಗಾರ್ಡ್, ಹೆಡ್‌ಲೈಟ್, ಮುಂದಿನ ಗಾಜು ಬಿಚ್ಚಿ ಬದಿಗಿಟ್ಟು ಓಡಿಸೋದು. ಸಂಜೆ ಎಲ್ಲ ಮತ್ತೆ ಜೋಡಿಸಿ ಅದೇ ಕಾರಲ್ಲಿ ಮನೆಗೆ.

ಮೊದಮೊದಲು ಹಲವು ಕಾರುಗಳು ಸಾಲಾಗಿ ಒಟ್ಟಿಗೇ ಬಿಡುತ್ತಿದ್ದವು. ಮುಂದಿನವನು ಎಬ್ಬಿಸಿದ ಧೂಳಲ್ಲಿ ಹಿಂದಿನವನಿಗೆ ಏನೂ ಕಾಣದು. ಜನ ಸತ್ತರು. 1937ರಲ್ಲಿ ಕೆಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದ್ದರ ಹಿನ್ನೆಲೆ ಇದು. ಯಾವ ಕಾರು ಯಾವ ವರ್ಗ, ಯಾರು ತಪಾಸಣೆ ಮಾಡಬೇಕು ಅಂತ ನಿಯಮ ಬರೆದರು. ಮುಂದೆ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದ ವಿರುದ್ಧ ಓಡಿಸುವ ಪದ್ಧತಿ ನಿಂತಿತು. ಕೋಡ್ ಬರೆಯೋ ಕೆಲಸದವನಾದ ನಂಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ನಾನು ಬರೆದದ್ದನ್ನು ಇನ್ನೊಬ್ಬ ನೋಡದೆ ಬಿಡುಗಡೆ ಮಾಡಿದರೆ ಸರ್ವರ್ ಬೀಳುತ್ತೆ. ಅಲ್ಲಿ ಬೀಳುತ್ತಿದ್ದದ್ದು ಹೆಣ.

ಯುದ್ಧದಲ್ಲಿ ಮ್ಯೂರಾಕ್ ಸೈನ್ಯದ ಪಾಲಾಯಿತು, ಓಟ ಎಲ್ ಮಿರಾಜ್ ಅನ್ನೋ ಇನ್ನೊಂದು ಕೆರೆಗೆ ಹೋಯಿತು. ಸೈನ್ಯದಲ್ಲಿ ಯಂತ್ರದ ಕೆಲಸ ಕಲಿತು ಬಂದವರು ಸೇರಿಕೊಂಡರು. ಬಿಲ್ ಬರ್ಕ್ ಅಂತೂ ಯುದ್ಧವಿಮಾನದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕಿಗೇ ಚಕ್ರ ಹಾಕಿದ. ಇತ್ತ ಊರೊಳಗೆ ರಸ್ತೆಯಲ್ಲೇ ಪಂದ್ಯ ಕಟ್ಟೋರೂ ಹೆಚ್ಚಿದರು. ಪತ್ರಿಕೆಗಳಿಗೆ ಹಾಟ್ ರಾಡ್ ಅಂದರೆ ಪುಂಡರು. ನಿಷೇಧದ ಮಾತು ಶಾಸಕರವರೆಗೂ ಹೋಯಿತು. ಅದಕ್ಕೆ ಉತ್ತರವಾಗಿ 1948ರ ಜನವರಿಯಲ್ಲಿ ಕಾರುಗಳ ಪ್ರದರ್ಶನ ನಡೆಯಿತು. ಅಲ್ಲೇ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆಯ ಮೊದಲ ಸಂಚಿಕೆಯನ್ನು 25 ಸೆಂಟಿಗೆ ಮಾರಿದ.

ಇವೆಲ್ಲಕ್ಕಿಂತ ನಂಗೆ ಇಷ್ಟವಾದದ್ದು ಕ್ಲಬ್ಬುಗಳ 'ರಿಲಯಬಿಲಿಟಿ ರನ್'. ಹೆಸರಿಗೆ ಓಟ, ಆದರೆ ಬೇಗ ಬಂದವನು ಗೆಲ್ಲೋದಿಲ್ಲ! ದಾರಿಯ ಸೂಚನೆಯ ಚೀಟಿ ಕೊಡುತ್ತಾರೆ. ಕಾನೂನಿನ ವೇಗದಲ್ಲಿ ಹೋದರೆ ಎಷ್ಟು ಹೊತ್ತಾಗುತ್ತೋ ಅಷ್ಟಕ್ಕೆ ಸರಿಯಾಗಿ ಮುಟ್ಟಿದವನೇ ಗೆದ್ದಂತೆ. ಕಾರು ಕುದಿಯಬಾರದು, ದಾರಿ ತಪ್ಪಬಾರದು. ಎಷ್ಟೋ ಕಡೆ ಪೊಲೀಸರೂ ಇದಕ್ಕೆ ಕೈಜೋಡಿಸಿದರು. ರಸ್ತೆಯಲ್ಲಿ ಕೆಟ್ಟು ನಿಂತ ಪರರ ಕಾರನ್ನು ರಿಪೇರಿ ಮಾಡಿಕೊಟ್ಟು, ದುಡ್ಡು ತಗೊಳ್ಳದೆ, "ನಿಮಗೆ ನೆರವಾದವನು ಇಂಥ ಕ್ಲಬ್ಬಿನ ಸದಸ್ಯ" ಅಂತ ಅಚ್ಚು ಹಾಕಿಸಿದ ಕಾರ್ಡ್ ಕೊಟ್ಟು ಹೋಗುವ ರೂಢಿಯೂ ಬೆಳೆಯಿತು. ಪ್ರಚಾರ ಅನ್ನಿ ಬೇಕಾದರೆ. ನಡುದಾರಿಯಲ್ಲಿ ಮಕ್ಕಳ ಜೊತೆ ನಿಂತವನಿಗೆ ಅದೆಲ್ಲ ಯಾಕೆ?

1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಶುರುಮಾಡಿದರು. 1954ರಿಂದ ಅವರ ಕಡೆಯ ನಾಲ್ಕೈದು ಜನ ಒಂದು ಸ್ಟೇಷನ್ ವ್ಯಾಗನ್ನಲ್ಲಿ ಊರೂರು ತಿರುಗಿ, ಸುರಕ್ಷಿತವಾಗಿ ಪಂದ್ಯ ನಡೆಸೋದು ಹೇಗೆ ಅಂತ ಕಲಿಸಿದರು.

ನಮ್ಮಲ್ಲಿ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡನ್ನು ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತವಾಗಿ ಹೇಳಿತು. ಭಾನುವಾರ ಬೆಳಗ್ಗೆ ನಂದಿಬೆಟ್ಟದ ದಾರಿಯಲ್ಲಿ ಸೈಲೆನ್ಸರ್ ಕಿತ್ತು ಹಾಕಿದ ಗಾಡಿಗಳ ಸದ್ದು ಕೇಳಿದವನಾಗಿ, ಆ ಕಾಯ್ದೆಯ ಮೇಲೆ ನಂಗೆ ಸಿಟ್ಟಿಲ್ಲ. ಆದರೆ ಬಾನೆಟ್ ಎತ್ತೋ ಆಸೆ ಕಾನೂನಿಗೆ ಹೆದರಿ ಹೋಗೋದಲ್ಲ. ಅದಕ್ಕೊಂದು ಕೆರೆಯಂಗಳ, ಒಬ್ಬ ತಪಾಸಣೆಯವನು ಬೇಕು. ಎಲ್ ಮಿರಾಜಿನಲ್ಲಿ ಅದೇ ಸಂಘ ಈಗಲೂ ಓಟ ನಡೆಸುತ್ತೆ. ತಪಾಸಣೆ ಪಾಸಾಗದ ಕಾರು ಎಷ್ಟೇ ದೂರದಿಂದ ಬಂದಿದ್ದರೂ ಗೆರೆಯ ಹತ್ತಿರ ಹೋಗೋ ಹಾಗಿಲ್ಲ.