ಚೋಕ್ ಎಳೆದ ಕೈಯಿಂದ ಸೆನ್ಸಾರ್‌ವರೆಗೆ: ಗಾಡಿ ರಿಪೇರಿ ಅಂಗಳ ಬಿಟ್ಟು ಹೋದದ್ದು ಹೇಗೆ?

ಕಿನ್ನಾಳದಂಥ ಊರಲ್ಲಿ ಈಗ ಹಳೇ ಕಾರು, ಓಮ್ನಿ, ಜೀಪುಗಳಿಗೆ ಬರವಿಲ್ಲ. ಪೇಟೆಯವರು ಹತ್ತು ವರ್ಷ ಓಡಿಸಿ ಮಾರಿದ ಗಾಡಿ ನಮ್ಮ ಕಡೆ ಬಂದು ಇನ್ನೂ ಹತ್ತು ವರ್ಷ ದುಡಿಯುತ್ತದೆ. ಒಂದು ದಿನ ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಪಾನಾ ಹಿಡಿದು ಬಾನೆಟ್ ಎತ್ತುವವರೂ ಅಲ್ಲಿಗೆ ಕೈ ಬಿಡುತ್ತಾರೆ. "ಇದು ಸೆನ್ಸಾರ್ ಕೆಲಸ, ಕಂಪ್ಯೂಟರ್ ಹಚ್ಚಬೇಕು, ಕೊಪ್ಪಳಕ್ಕೆ ಒಯ್ಯಿರಿ" ಎನ್ನುವ ಮಾತು ಬರುತ್ತದೆ.

ಈ ಮಾತು ಯಾವಾಗ ಶುರುವಾಯಿತು? ಸೆನ್ಸಾರ್ ನಿಜಕ್ಕೂ ನಮ್ಮ ಕೈಗೆ ನಿಲುಕದ ವಸ್ತುವೇ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೈಕೋ ಪ್ಲಗ್ಗಿನ ಕಾಲ

1951ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಜೊತೆಗಾರಿಕೆಯಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ನಮ್ಮ ಜನ ಅದನ್ನು ಕರೆದದ್ದು ಮೈಕೋ ಎಂದು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ತಯಾರಾದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳು ದೇಶದ ಮೂಲೆಮೂಲೆಗೆ ಹೋದವು. ಮೈಕೋ ಪ್ಲಗ್ ಎಂದರೆ ಹಳ್ಳಿಯಲ್ಲೂ ಗೊತ್ತಿತ್ತು.

ಆ ಕಾಲದ ಗಾಡಿಯನ್ನು ಮನೆಯಲ್ಲೇ ನೋಡಿಕೊಳ್ಳಬಹುದಿತ್ತು. ಪ್ಲಗ್ ಬಿಚ್ಚಿ ಉಸುಕಿನ ಕಾಗದದಿಂದ ತಿಕ್ಕುವುದು, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಜೆಟ್ ಊದುವುದು, ಪಾಯಿಂಟ್ ಸರಿಪಡಿಸುವುದು. ಚಳಿಯ ಮುಂಜಾನೆ ಗಾಡಿ ಚಾಲು ಆಗದಿದ್ದರೆ ಚೋಕ್ ಎಳೆಯುತ್ತಿದ್ದರು. ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಬೇಕು. ಎಷ್ಟು ಹೊತ್ತು ಎಳೆಯಬೇಕು, ಯಾವಾಗ ತಳ್ಳಬೇಕು ಎಂಬುದು ಓಡಿಸುವವನ ಕೈಗೂ ಕಿವಿಗೂ ಗೊತ್ತಿತ್ತು.

ಈ ಚೋಕನ್ನು ನೆನಪಿಟ್ಟುಕೊಳ್ಳಿ. ಮುಂದೆ ಸೆನ್ಸಾರ್ ಬಂದು ಮಾಡಿದ್ದು ಇದೇ ಕೆಲಸ.

ಸೀಸ ಹೋಯಿತು, ಸೆನ್ಸಾರ್ ಬಂತು

1976ರಲ್ಲಿ ಅದೇ ಬಾಷ್ ಕಂಪನಿ ಆಕ್ಸಿಜನ್ ಸೆನ್ಸಾರ್ ಮಾರುಕಟ್ಟೆಗೆ ತಂದಿತು. ಹೊಗೆ ಕೊಳವೆಯಲ್ಲಿ ಕೂತು, ಸುಟ್ಟ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡುವುದು ಅದರ ಕೆಲಸ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆ ಲೆಕ್ಕ ತಪ್ಪಿದರೆ ಸೆನ್ಸಾರ್ ಸುದ್ದಿ ಮುಟ್ಟಿಸುತ್ತದೆ, ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ.

ನಮ್ಮ ದೇಶಕ್ಕೆ ಅದು ಬರಲು ಒಂದು ಅಡ್ಡಿಯಿತ್ತು. ಅಂದಿನ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ಈ ಸೆನ್ಸಾರನ್ನೂ ಹೊಗೆ ಶುದ್ಧ ಮಾಡುವ ಕನ್ವರ್ಟರನ್ನೂ ಕೆಡಿಸುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಸೀಸವಿಲ್ಲದ ಪೆಟ್ರೋಲೂ ಅಲ್ಲಿ ಸಿಗತೊಡಗಿತು. 1999ರಲ್ಲಿ ದೆಹಲಿಯ ಹೊಗೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಗಿ ಆದೇಶ ಕೊಟ್ಟಿತು. 2000ನೇ ಇಸವಿಯಲ್ಲಿ ದೇಶದೆಲ್ಲೆಡೆ ಸೀಸದ ಪೆಟ್ರೋಲ್ ನಿಂತಿತು. ಅದೇ ಹೊತ್ತಿಗೆ ಪೆಟ್ರೋಲ್ ಕಾರುಗಳಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು.

ಆಮೇಲೆ ನಿಯಮಗಳು ಬಿಗಿಯಾಗುತ್ತಲೇ ಹೋದವು. ಬಿಎಸ್-4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಬಿಎಸ್-6ರಿಂದ ಬಹುತೇಕ ಬೈಕುಗಳಿಗೂ ಕಾರ್ಬೊರೇಟರ್ ತಪ್ಪಿ ಸೆನ್ಸಾರ್ ಸೇರಿತು. ಮೈಕೋ ಎಂಬ ಹೆಸರು ಕೂಡ 2008ರಲ್ಲಿ ಬಾಷ್ ಎಂದು ಬದಲಾಗಿತ್ತು.

ಒಟ್ಟಿನಲ್ಲಿ ಸೆನ್ಸಾರ್ ಬಂದದ್ದು ಗಾಳಿ ಸ್ವಚ್ಛವಿರಲಿ ಎಂದು. ಅದರ ಬಗ್ಗೆ ತಕರಾರು ಬೇಡ.

ಬೀಗ ಬಿದ್ದದ್ದು ಮಾಹಿತಿಗೆ

ತಕರಾರು ಇರುವುದು ಬೇರೆ ಕಡೆ. ಕಾರ್ಬೊರೇಟರ್ ಕೆಟ್ಟರೆ ಬಿಚ್ಚಿ ಕಣ್ಣಾರೆ ನೋಡಬಹುದಿತ್ತು. ಸೆನ್ಸಾರ್ ಗಾಡಿಯಲ್ಲಿ ಏನು ಕೆಟ್ಟಿದೆ ಎಂಬುದು ಕಂಪ್ಯೂಟರಿನಲ್ಲಿ ಒಂದು ಸಂಖ್ಯೆಯಾಗಿ ಕೂತಿರುತ್ತದೆ. ಆ ಸಂಖ್ಯೆ ಓದುವ ಯಂತ್ರ, ಅದರ ಅರ್ಥ ಹೇಳುವ ಪುಸ್ತಕ, ಅಸಲಿ ಬಿಡಿಭಾಗ ಮೂರೂ ಕಂಪನಿ ಒಪ್ಪಿದವರ ಕೈಲಿ ಉಳಿದವು.

ಇದು ಬರೀ ನಮ್ಮ ಗೊಣಗಾಟವಲ್ಲ. 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಇದೇ ದೂರು ಹೋಯಿತು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆ ಸಲಕರಣೆ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಗೆ ವಾಹನ, ಮೊಬೈಲ್, ಮನೆಬಳಕೆ ಸಾಮಾನುಗಳ ಜೊತೆ ಕೃಷಿ ಯಂತ್ರಗಳನ್ನೂ ಸೇರಿಸಿದರು.

ಕಿನ್ನಾಳದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನಮ್ಮ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಜೋಡಿಸಿ ಗೊಂಬೆ ಮಾಡುತ್ತಾರೆ. ಒಳಗೆ ಏನಿದೆ ಎಂದು ಗೊತ್ತಿದ್ದವರಿಗೆ ಮುರಿದ ಕೈ ಕೂಡಿಸುವುದು ಕಷ್ಟವಲ್ಲ. ಗೊತ್ತಿಲ್ಲದವರಿಗೆ ಗೊಂಬೆಯೂ ಒಗಟೇ.

ಒಂದು ಸೆನ್ಸಾರ್ ಬಿಚ್ಚಿ ನೋಡೋಣ

ಇಂಜಿನ್ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸಾರನ್ನೇ ತೆಗೆದುಕೊಳ್ಳಿ. ಹಿಂದೆ ಚೋಕ್ ಎಳೆಯುತ್ತಿದ್ದ ಕೈಯ ಜಾಗದಲ್ಲಿ ಈಗ ಇದಿದೆ. ಹಿತ್ತಾಳೆಯ ಚಿಕ್ಕ ಬೋಲ್ಟಿನಂತೆ ಕಾಣುತ್ತದೆ. ಒಳಗಿನ ತುಣುಕು ತಣ್ಣಗಿದ್ದಾಗ ಕರೆಂಟನ್ನು ಹೆಚ್ಚು ತಡೆಯುತ್ತದೆ, ಬಿಸಿಯಾದಾಗ ಕಡಿಮೆ ತಡೆಯುತ್ತದೆ. ಅನೇಕ ಗಾಡಿಗಳಲ್ಲಿ 20 ಡಿಗ್ರಿಗೆ 2,000ದಿಂದ 3,000 ಓಮ್, 80 ಡಿಗ್ರಿಗೆ 300ರ ಆಸುಪಾಸು.

ಇದು ಕೆಟ್ಟು "ಇಂಜಿನ್ ಇನ್ನೂ ತಣ್ಣಗಿದೆ" ಎಂದೇ ಹೇಳುತ್ತಿದ್ದರೆ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆ, ಬಿದ್ದ ಮೈಲೇಜು, ಬಿಸಿ ಇದ್ದಾಗ ಚಾಲು ಆಗದ ಗಾಡಿ. ಅಂದರೆ ಚೋಕ್ ಎಳೆದು ಮರೆತಂತೆ.

ಮೊದಲು ವೈರ್ ನೋಡಿ. ಇಲಿ ಕಡಿದಿರಬಹುದು, ಸಾಕೆಟ್ಟಿನಲ್ಲಿ ಹಸಿರು ತುಕ್ಕು ಕೂತಿರಬಹುದು. ಸೆನ್ಸಾರಿನದಲ್ಲದ ತಪ್ಪಿಗೆ ಸೆನ್ಸಾರ್ ಬದಲಿಸಿ ದುಡ್ಡು ಕಳೆಯಬೇಡಿ. ಕೆಲವು ಗಾಡಿಗಳಲ್ಲಿ ಮೀಟರಿನ ಮುಳ್ಳಿಗೆ ಒಂದು, ಕಂಪ್ಯೂಟರಿಗೆ ಇನ್ನೊಂದು ಸೆನ್ಸಾರ್ ಇರುತ್ತದೆ. ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ.

ಬಿಚ್ಚುವ ಮುನ್ನ ಇಂಜಿನ್ ಪೂರ್ತಿ ಆರಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಕೆಳಗೆ ಬುಟ್ಟಿ ಇಟ್ಟು ಸ್ವಲ್ಪ ಕೂಲಂಟ್ ಇಳಿಸಿ. ಕೂಲಂಟ್ ವಿಷ, ನಾಯಿ-ದನ ನೆಕ್ಕದಂತೆ ನೋಡಿ. ಸಾಕೆಟ್ಟಿನ ಕೊಂಡಿ ಒತ್ತಿ ಕಳಚಿ, ವೈರ್ ಹಿಡಿದು ಜಗ್ಗಬೇಡಿ. ಸರಿಯಾದ ಪಾನಾ ಹಾಕಿ ಬಿಚ್ಚಿ.

ಬಿಚ್ಚಿದ ಸೆನ್ಸಾರನ್ನು ಮಲ್ಟಿಮೀಟರಿಗೆ ಹಚ್ಚಿ, ತುದಿಯನ್ನು ಮೊದಲು ತಣ್ಣೀರಲ್ಲಿ, ಆಮೇಲೆ ಹಂಡೆಯ ಬಿಸಿನೀರಲ್ಲಿ ಅದ್ದಿ. ಓಮ್ ಇಳಿಯದಿದ್ದರೆ ಸೆನ್ಸಾರ್ ಕೆಟ್ಟದ್ದು ಖರೆ. ಗಾಡಿಯ ಮಾಡೆಲ್, ಇಸವಿ ಹೇಳಿ ಅದೇ ನಂಬರಿನ ಹೊಸದನ್ನು ತನ್ನಿ. ಹೊಸ ವಾಷರ್ ಹಾಕಿ ಕೂರಿಸಿ, ವಿಪರೀತ ಬಿಗಿ ಬೇಡ. ಕೂಲಂಟ್ ತುಂಬಿ, ಒಳಗಿನ ಗಾಳಿ ಹೊರಹೋಗುವವರೆಗೆ ಚಾಲು ಇಟ್ಟು, ಸೋರುತ್ತಿಲ್ಲವೇ ನೋಡಿ. ಬ್ರೇಕು, ಏರ್‌ಬ್ಯಾಗಿನ ಸೆನ್ಸಾರುಗಳಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಮುಂದಿನ ಸರದಿ ಟ್ರ್ಯಾಕ್ಟರಿನದು

ಓಬಿಡಿ ಸಾಕೆಟ್ ಇರುವ ಗಾಡಿಯಾದರೆ ಸಣ್ಣ ಬ್ಲೂಟೂತ್ ಸಲಕರಣೆ ಹಚ್ಚಿ ಈಗ ಫೋನಿನಲ್ಲೇ ದೋಷದ ಸಂಖ್ಯೆ ಓದಬಹುದು. ಎಲ್ಲ ಗುಟ್ಟನ್ನೂ ಅದು ಬಿಟ್ಟುಕೊಡುವುದಿಲ್ಲ. ಆದರೂ ಗ್ಯಾರೇಜಿಗೆ ಹೋಗುವ ಮುಂಚೆ ಏನು ಕೆಟ್ಟಿರಬಹುದು ಎಂದು ತಿಳಿದಿದ್ದರೆ ಮಾತಾಡುವ ರೀತಿಯೇ ಬೇರೆ.

2023ರ ಜನವರಿಯಿಂದ 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ನಿಯಮ ಬಂದಿದೆ. ಅವುಗಳೊಳಗೂ ಸೆನ್ಸಾರ್, ಕಂಪ್ಯೂಟರ್ ಬಂದಿವೆ. ಬಿತ್ತನೆಯ ಹದದಲ್ಲಿ ಹಳದಿ ದೀಪ ಹತ್ತಿದರೆ ಮಳೆ ಕಾಯುವುದಿಲ್ಲ. ಕೊಳ್ಳುವ ಮುಂಚೆ ಬೆಲೆಯ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ದೋಷದ ಸಂಖ್ಯೆಗಳ ಪುಸ್ತಕ ಕೊಡುತ್ತೀರಾ? ನಮ್ಮೂರ ಮೆಕ್ಯಾನಿಕ್‌ಗೆ ಬಿಡಿಭಾಗ ಮಾರುತ್ತೀರಾ? ದುಡ್ಡು ಎಣಿಸುವ ಮೊದಲೇ ಉತ್ತರ ಪಡೆಯಿರಿ.